ಮೀಸೆಗೆ ಹತ್ತಿದ ಮಣ್ಣು: ಗರಡಿಮನೆ ಕಲಿಸುವ ಬಾಳಿನ ಪಾಠ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ನಮ್ಮೆಲ್ಲರಿಗೂ ತಿಳಿದದ್ದೇ. ಸೋತ ಮೇಲೂ ಸೋಲನ್ನು ಒಪ್ಪದೆ ಸಮಜಾಯಿಷಿ ಹುಡುಕುವವರನ್ನು ಕುರಿತು ಈ ಮಾತನ್ನು ಆಡುತ್ತೇವೆ. ಆದರೆ ಗಾದೆಯ ಜಟ್ಟಿಯ ನಡತೆಗೂ ಗರಡಿಮನೆಯಲ್ಲಿ ನಿಜವಾಗಿ ಪಳಗಿದ ಜಟ್ಟಿಯ ಮನೋಧರ್ಮಕ್ಕೂ ಬಹಳ ಅಂತರವಿದೆ. ಬಿದ್ದುದನ್ನು ಒಪ್ಪಿಕೊಂಡು ಏಳುವುದೇ ಗರಡಿಯ ಮೊದಲ ಪಾಠ.

ಅಖಾಡದ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ ಮೊದಲಾದವುಗಳನ್ನು ಬೆರೆಸಿ ಹದಗೊಳಿಸುತ್ತಾರೆ. ಅಭ್ಯಾಸಕ್ಕೆ ಮುನ್ನ ಗುದ್ದಲಿಯಿಂದ ಅಗೆದು ಸಡಿಲಿಸುತ್ತಾರೆ. ನೆಲ ಮೃದುವಾಗಿದ್ದರೆ ಬಿದ್ದವನಿಗೆ ಪೆಟ್ಟು ಕಡಿಮೆ. ಅಂದರೆ, ಇಲ್ಲಿಗೆ ಬಂದವನು ಬೀಳುವುದು ಸಹಜವೆಂದು ಒಪ್ಪಿಕೊಂಡೇ ನೆಲವನ್ನು ಸಿದ್ಧಪಡಿಸಲಾಗಿರುತ್ತದೆ. ಹೊಸಬನು ಆ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗಿಳಿಯುತ್ತಾನೆ. ದಂಡ, ಬಸ್ಕಿಗಳಿಂದ ಮೈಯನ್ನು ಹುರಿಗೊಳಿಸುತ್ತಾನೆ. ತನಗಿಂತ ಬಲ್ಲವರ ಕೈಯಲ್ಲಿ ದಿನವೂ ನೆಲ ಕಾಣುತ್ತಾನೆ. ಒಳ್ಳೆಯ ಉಸ್ತಾದರು ಬಿದ್ದವನನ್ನು ಹೀಯಾಳಿಸುವುದಿಲ್ಲ. ಕಾಲು ಎಲ್ಲಿ ತಪ್ಪಿತು, ಮೈಭಾರ ಯಾವ ಕಡೆ ವಾಲಿತು ಎಂಬುದನ್ನು ತೋರಿಸಿಕೊಡುತ್ತಾರೆ. ಹೀಗೆ ಪ್ರತಿಯೊಂದು ಸೋಲೂ ಒಂದು ಪಟ್ಟನ್ನು ಕಲಿಸಿ ಹೋಗುತ್ತದೆ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್ ಅವರ ಬದುಕು ಇದಕ್ಕೆ ನಿದರ್ಶನ. ಮಣ್ಣಿನ ಕುಸ್ತಿಯಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ ಪಡೆದರು. ಮ್ಯಾಟ್ ಮೇಲಿನ ಕುಸ್ತಿಯೂ ಅಂತರರಾಷ್ಟ್ರೀಯ ನಿಯಮಗಳೂ ಅವರಿಗೆ ಹೊಸತಾಗಿದ್ದವು. ಅದನ್ನೇ ನೆಪವಾಗಿಸಿಕೊಂಡು ಅವರು ಹಿಂದೆ ಸರಿಯಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗಳಿಸಿದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕ ಅದು.

ಈ ಮನೋಧರ್ಮ ಅಖಾಡಕ್ಕೆ ಮಾತ್ರ ಸೀಮಿತವಾಗಬೇಕಿಲ್ಲ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗ ಅಂಕಪಟ್ಟಿಯನ್ನು ಬಚ್ಚಿಡುತ್ತಾನೆ. ಬೆಳೆ ಕೈಕೊಟ್ಟ ರೈತನು ಸಾಲದ ಮೊತ್ತವನ್ನು ಮಡದಿಗೂ ತಿಳಿಸದೆ ಒಳಗೊಳಗೇ ಬೇಯುತ್ತಾನೆ. ವ್ಯಾಪಾರದಲ್ಲಿ ನಷ್ಟ ಹೊಂದಿದವನು ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿ, ಹೊರಗೆ ಆಡಂಬರದ ಮದುವೆ ನಡೆಸುತ್ತಾನೆ. ಇವರೆಲ್ಲರೂ ಮೀಸೆಯ ಮಣ್ಣನ್ನು ಮರೆಮಾಚಲು ಹೋಗಿ, ಏಳಲು ಬೇಕಾದ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ಸಾಲ ಚಿಕ್ಕದಿರುವಾಗಲೇ ಮನೆಯವರೆದುರು ಹೇಳಿಕೊಂಡರೆ ದಾರಿ ಹುಡುಕಬಹುದು. ಮುಚ್ಚಿಟ್ಟ ಸಾಲ ಕೊನೆಗೆ ಜೀವಕ್ಕೇ ಎರವಾಗಬಹುದು.

ಇಲ್ಲಿ ಹಿರಿಯರ ಹೊಣೆಯೂ ಇದೆ. ಹದವಿಲ್ಲದ ಗಟ್ಟಿನೆಲದ ಮೇಲೆ ಬಿದ್ದವನು ಮತ್ತೆ ಅಖಾಡಕ್ಕೆ ಇಳಿಯಲು ಅಂಜುತ್ತಾನೆ. ‘ಪಕ್ಕದ ಮನೆಯ ಹುಡುಗನನ್ನು ನೋಡು’ ಎನ್ನುವ ಮನೆ ಅಂತಹ ಗಟ್ಟಿನೆಲ. ‘ಎಲ್ಲಿ ಕಾಲು ತಪ್ಪಿತು, ಬಾ ನೋಡೋಣ’ ಎನ್ನುವ ಮನೆಯೇ ಹದವಾದ ಮಣ್ಣು. ಮಕ್ಕಳು ಸುಳ್ಳು ಹೇಳದೆ ಸೋಲನ್ನು ಹೇಳಿಕೊಳ್ಳುವಂತಹ ಮನೆಯನ್ನು ಕಟ್ಟುವುದು ತಂದೆತಾಯಿಗಳ ಕರ್ತವ್ಯ.

ಗರಡಿಯ ಇನ್ನೊಂದು ಪಾಠ ಎಲ್ಲೆಯ ಅರಿವು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವು ಒಬ್ಬ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ. ಅಷ್ಟು ಉಗ್ರವಾದ ಕಾಳಗಕ್ಕೂ ಒಂದು ಕೊನೆಯಿದೆ. ನಮ್ಮ ಮನೆಗಳಲ್ಲಿ, ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯಗಳಲ್ಲಿ, ಮಾತಿನ ಪೆಟ್ಟಿಗೆ ಎದುರಿನವರ ಮನಸ್ಸು ಗಾಯಗೊಂಡ ಮೇಲೂ ನಾವು ನಿಲ್ಲಿಸುವುದಿಲ್ಲ. ಗೆದ್ದವನು ಸೋತವನ ಕೈಹಿಡಿದು ಎಬ್ಬಿಸಿದಾಗಲೇ ಗೆಲುವಿಗೆ ಶೋಭೆ. ನಾಳಿನ ಅಭ್ಯಾಸಕ್ಕೆ ಅವನೇ ಜೊತೆಗಾರನಲ್ಲವೇ?

ಆದ್ದರಿಂದ ದಿನದ ಕೊನೆಗೆ ಕ್ಷಣಕಾಲ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇಂದು ನಾನು ಎಲ್ಲಿ ಬಿದ್ದೆ? ಅದನ್ನು ಒಪ್ಪಿಕೊಂಡೆನೇ? ಬಿದ್ದ ಇನ್ನೊಬ್ಬರಿಗೆ ಕೈ ನೀಡಿದೆನೇ? ಮೀಸೆಗೆ ಹತ್ತಿದ ಮಣ್ಣನ್ನು ತಂಬಿಗೆ ನೀರಿನಿಂದ ತೊಳೆದುಕೊಳ್ಳಬಹುದು. ಹತ್ತಿಯೇ ಇಲ್ಲವೆಂದು ಸಾಧಿಸುವವನು ಮಾತ್ರ ಅದನ್ನು ಹೊತ್ತುಕೊಂಡೇ ತಿರುಗಬೇಕಾಗುತ್ತದೆ.