ಆಕಾಶದಿಂದ 36,000 ಕಿ.ಮೀ., ಆಮೇಲೆ ಹತ್ತು ಮೀಟರ್

ಎಚ್‌ಡಿ ಟಿವಿಯ ಪರದೆಯಲ್ಲಿ ಅಡ್ಡಕ್ಕೆ 1,920 ಚುಕ್ಕೆ, ಮೇಲಿಂದ ಕೆಳಕ್ಕೆ 1,080. ಗುಣಿಸಿದರೆ 20,73,600. ಚುಕ್ಕೆಗೊಂದು ರಾಗಿಕಾಳು, ಕಾಳಿಗೊಂದು ಮಿಲಿಮೀಟರ್ ಎಂದು ಲೆಕ್ಕ ಹಿಡಿದು ಸಾಲಾಗಿ ಜೋಡಿಸಿ. ಒಂದೇ ಒಂದು ಚಿತ್ರಕ್ಕೆ ಸಾಲು ಎರಡು ಕಿಲೋಮೀಟರ್ ದಾಟುತ್ತದೆ. ಕೋಲಾರದ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಅದರ ಬಾಯಿಂದ ತಳದವರೆಗೆ ಇಳಿಬಿಡಲು ಸುಮಾರು ಒಂದೂವರೆ ಚಿತ್ರ ಸಾಕು. ಟಿವಿಯಾದರೋ ಸೆಕೆಂಡಿಗೆ 60 ಚಿತ್ರ ಬದಲಿಸುತ್ತದೆ. ಆಗ ಒಂದು ಸೆಕೆಂಡಿನ ಸಾಲು 124 ಕಿ.ಮೀ.! ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲಿ ಎಳೆದ ವಿದ್ಯುತ್ ತಂತಿಯ ಉದ್ದ ಸುಮಾರು 147 ಕಿ.ಮೀ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಮನೆಯ ಟಿವಿ ಆ ದೂರವನ್ನು ಒಂದೂಕಾಲು ಸೆಕೆಂಡಿನೊಳಗೆ ತುಂಬಿಬಿಡುತ್ತದೆ.

ಒಂದು ಚುಕ್ಕೆಯ ಬಣ್ಣ ಹೇಳಲು 24 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 300 ಕೋಟಿ ಬಿಟ್. ಕೆಜಿಎಫ್‌ನದೇ ಸೈನೈಡ್ ದಿಬ್ಬದಲ್ಲಿ ಚಿತ್ರೀಕರಣವಾದ ‘ಕೆಜಿಎಫ್’ ಸಿನಿಮಾವನ್ನೇ ತೆಗೆದುಕೊಳ್ಳಿ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹರಿಯುವ ಆ ಎರಡೂವರೆ ಗಂಟೆಯ ಚಿತ್ರವನ್ನು ಹಾಗೇ ಹಿಡಿದಿಡಲು ಸುಮಾರು 3,360 ಜಿಬಿ ಜಾಗ ಬೇಕು. 128 ಜಿಬಿಯ ಮೊಬೈಲುಗಳಾದರೆ 27.

ಉಪಗ್ರಹದಿಂದ ತಾರಸಿಯ ಡಿಶ್‌ಗೆ ಇಳಿಯುವಾಗ ಇಷ್ಟಿರುವುದಿಲ್ಲ. 36,000 ಕಿ.ಮೀ. ಎತ್ತರದಿಂದ ಒಂದು ಎಚ್‌ಡಿ ಚಾನೆಲ್ ಬರುವುದು ಸೆಕೆಂಡಿಗೆ ಸುಮಾರು ಒಂದು ಕೋಟಿ ಬಿಟ್ಟಿನಲ್ಲಿ, ಮುನ್ನೂರರಲ್ಲಿ ಒಂದು ಪಾಲಾಗಿ. ವಾರ್ತೆ ಓದುವವರ ಹಿಂದಿನ ಗೋಡೆ ಅಲುಗಾಡುವುದಿಲ್ಲ, ತುಟಿ ಮಾತ್ರ ಅಲುಗುತ್ತದೆ. ಅಲುಗಿದ್ದಷ್ಟನ್ನೇ ಕಳಿಸಿ, ಉಳಿದದ್ದನ್ನು ‘ಮೊದಲಿದ್ದಂತೆಯೇ’ ಎಂದು ಹೇಳಿದರೆ ಮುಗಿಯಿತು. ಹೀಗೆ ಕಟ್ಟಿದ ಗಂಟನ್ನು ಬಿಚ್ಚಿ 20 ಲಕ್ಷ ಚುಕ್ಕೆಗಳನ್ನೂ ಮತ್ತೆ ಹರಡುವುದು ಟಿವಿಯ ಪಕ್ಕದ ಬಾಕ್ಸ್.

ನನ್ನನ್ನು ಬೆರಗುಗೊಳಿಸುವುದು ಆಕಾಶದ ದೂರಕ್ಕಿಂತ ಆಮೇಲಿನ ಹತ್ತು ಮೀಟರ್. ಹಾಲ್‌ನಲ್ಲಿರುವ ಬಾಕ್ಸಿನ ಚಿತ್ರ ಮಹಡಿಯ ಕೋಣೆಯಲ್ಲೂ ಅಡುಗೆಮನೆಯಲ್ಲೂ ಕಾಣಲಿ ಎಂದು ಸ್ಪ್ಲಿಟರ್ ಹಾಕಿ, ಉದ್ದನೆಯ ಎಚ್‌ಡಿಎಂಐ ಕೇಬಲ್ ಎಳೆಯುತ್ತೇವೆ. ಬಿಚ್ಚಿದ ಚಿತ್ರ ಹರಿಯುವುದು ಅಲ್ಲೇ. ಚಿತ್ರಗಳ ನಡುವಿನ ಬಿಡುವು, ಸಂಕೇತದ ಹೆಚ್ಚುವರಿ ಬಿಟ್ಟುಗಳು ಎಲ್ಲ ಸೇರಿ ಸೆಕೆಂಡಿಗೆ 445 ಕೋಟಿ ಬಿಟ್, ಮೂರು ಜೋಡಿ ತಾಮ್ರದೆಳೆಗಳಲ್ಲಿ. ಪ್ರತಿ ಜೋಡಿಯಲ್ಲೂ 148.5 ಕೋಟಿ. ಓಡುತ್ತಿರುವ ಕೇಬಲನ್ನು ಒಂದು ಕ್ಷಣ ನಿಲ್ಲಿಸಿ ನೋಡುವಂತಿದ್ದರೆ ಒಂದೊಂದು ಬಿಟ್ಟೂ ಗೇಣಿಗಿಂತ ಕಡಿಮೆ, ಸುಮಾರು 13 ಸೆಂಟಿಮೀಟರ್ ಉದ್ದವಿರುತ್ತದೆ. ಹತ್ತು ಮೀಟರಿನ ತಂತಿಯೊಳಗೆ ಒಂದರ ಹಿಂದೊಂದು ಎಪ್ಪತ್ತಕ್ಕೂ ಹೆಚ್ಚು. ಇಷ್ಟು ವೇಗದ ಏರಿಳಿತವನ್ನು ತಾಮ್ರ ಬಹುದೂರ ಹೊರಲಾರದು. ಅಂಚುಗಳು ಮಸುಕಾಗಿ, ಒಂದಕ್ಕೂ ಸೊನ್ನೆಗೂ ವ್ಯತ್ಯಾಸ ತಿಳಿಯದಾದಾಗ ಪರದೆಯ ಮೇಲೆ ಬಿಳಿ ಕಿಡಿಗಳು ಮಿಣುಕುತ್ತವೆ. ಕೇಬಲ್ ಇನ್ನೂ ಒಂದೆರಡು ಮೀಟರ್ ಉದ್ದವಾದರೆ ಚಿತ್ರವೇ ಹೋಗುತ್ತದೆ.

ದೂರದ ಈ ಲೆಕ್ಕವನ್ನು ಕೆಜಿಎಫ್ ನೂರು ವರ್ಷಕ್ಕೂ ಹಿಂದೆಯೇ ಕಂಡಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಯೋಜನೆಯಲ್ಲಿ ವಿದ್ಯುತ್ತನ್ನು ಹುಟ್ಟಿದ ಹಾಗೆಯೇ ಕಳಿಸಲಿಲ್ಲ. ಹಾಗೆ ಕಳಿಸಿದ್ದರೆ ಬಹುಪಾಲು ದಾರಿಯಲ್ಲೇ ತಂತಿಯ ಬಿಸಿಯಾಗಿ ಕಳೆದುಹೋಗುತ್ತಿತ್ತು. ಹೊರಡುವಲ್ಲಿ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ, ಗಣಿಯ ಬಾಗಿಲಲ್ಲಿ ಇಳಿಸಿಕೊಂಡರು. ದೂರ ಸಾಗಬೇಕಾದದ್ದು ಸಾಗುವುದಕ್ಕೆ ಒಪ್ಪುವ ರೂಪದಲ್ಲಿ ಹೋಗಿ, ಬಳಸುವ ಜಾಗದಲ್ಲೇ ಮಾರ್ಪಡಬೇಕು. ಮನೆಯೊಳಗಿನ ಚಿತ್ರಕ್ಕೂ ಇದೇ ಮಾತು ಒಪ್ಪುತ್ತದೆ.

ಸೆಕೆಂಡಿಗೆ ನೂರು ಕೋಟಿ ಬಿಟ್ ಸಾಗಿಸುವ ಒಂದು ಮಾಮೂಲಿ ಲ್ಯಾನ್ ಸಂಪರ್ಕವಿದೆ ಎನ್ನಿ. ಗಂಟು ಕಟ್ಟಿದ ಎಚ್‌ಡಿ ಚಾನೆಲುಗಳಾದರೆ ಅದರಲ್ಲಿ ತೊಂಬತ್ತು ನೂರು ಒಟ್ಟಿಗೆ ಹೋಗುತ್ತವೆ. ಬಿಚ್ಚಿದ್ದಾದರೆ ಒಂದೂ ಹಿಡಿಸದು, ಮೂರನೇ ಒಂದು ಭಾಗ ಮಾತ್ರ! ಆದ್ದರಿಂದ ಪ್ರತಿ ಕೋಣೆಗೂ ಗಂಟನ್ನೇ ಕಳಿಸುವುದು ಸರಿಯಾದ ದಾರಿ. ಡಿಶ್‌ಗೆ ನಾಲ್ಕು ಔಟ್‌ಪುಟ್ಟಿನ ಎಲ್‌ಎನ್‌ಬಿ (ಡಿಶ್‌ನ ಮುಂದೆ ತರಂಗ ಹಿಡಿಯುವ ಭಾಗ) ಹಾಕಿಸಿ ಕೋಣೆಗೊಂದು ಕೇಬಲ್, ಕೋಣೆಗೊಂದು ಬಾಕ್ಸ್ ಇಡಬಹುದು. ಇಂಟರ್ನೆಟ್ಟಿನಲ್ಲಿ ನೋಡುವವರು ರೂಟರಿನಿಂದ ಕೋಣೆಗೊಂದು ಕ್ಯಾಟ್-6 ಲ್ಯಾನ್ ಕೇಬಲ್ ಎಳೆಸಬಹುದು. ಬ್ರಿಟಿಷರ ಕಾಲದ ಬಂಗಲೆಗಳ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಅಲ್ಲಿ ತಂತಿಯೇ ವಾಸಿ. ಒಂದೇ ಬಾಕ್ಸಿನ ಚಿತ್ರ ಎಲ್ಲ ಕಡೆ ಬೇಕೇಬೇಕೆಂದರೆ ಎಚ್‌ಡಿಬೇಸ್‌ಟಿ ಎಂಬ ತಂತ್ರಜ್ಞಾನವಿದೆ. ಬಿಚ್ಚಿದ ಚಿತ್ರವನ್ನೇ ಕ್ಯಾಟ್ ಕೇಬಲಿನಲ್ಲಿ ನೂರು ಮೀಟರ್‌ವರೆಗೂ ಒಯ್ಯುತ್ತದೆ.

4ಕೆ ಬಂದ ಮೇಲೆ ಗಂಟಿಗೂ ಬಿಚ್ಚಿದ ಚಿತ್ರಕ್ಕೂ ಇರುವ ಅಂತರ ಇನ್ನೂ ಹಿಗ್ಗಿದೆ. ಸೆಕೆಂಡಿಗೆ 60 ಚಿತ್ರದ 4ಕೆಗೆ ಎಚ್‌ಡಿಎಂಐಯಲ್ಲಿ 1,782 ಕೋಟಿ ಬಿಟ್ ಬೇಕು. ತಂತಿಯೊಳಗಿನ ಒಂದು ಬಿಟ್ಟಿನ ಉದ್ದ ಮೂರೂವರೆ ಸೆಂಟಿಮೀಟರಿಗೆ ಕುಗ್ಗುತ್ತದೆ. ಕೆಜಿಎಫ್ ಪಕ್ಕದ ಬಂಗಾರಪೇಟೆಯಲ್ಲಿ ಈಗ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮೊದಲೇ ಪ್ರತಿ ಕೋಣೆಗೆ ಖಾಲಿ ಪೈಪು ಹಾಕಿಸಿ, ಅದರೊಳಗೆ ಡಿಶ್ ಕೇಬಲ್ ಒಂದು, ಕ್ಯಾಟ್-6 ಒಂದು ಎಳೆಸಲಿ. ಎಚ್‌ಡಿಎಂಐ ಕೇಬಲನ್ನು ಮಾತ್ರ ಗೋಡೆಯೊಳಗೆ ಹೂಳದಿರಲಿ.