ಇಬ್ಬರು ಗುರುಜಿ, ಐದು ಇಯತ್ತೆ: ಗಡಿಭಾಗದ ಕನ್ನಡ ಶಾಲೆಯ ಕೊರತೆ

ನಾಂದಣಿ ಶಿರೋಳ ತಾಲೂಕಿನ ಊರು. ಕರ್ನಾಟಕದ ಗಡಿ ದೂರಿಲ್ಲ. ಆದರೆ ಮಹಾರಾಷ್ಟ್ರದ ಸರಕಾರಿ ಕನ್ನಡ ಶಾಲೆಗಳ ಮಾತು ಬಂದರೆ ಇನ್ನೂ ಪೂರ್ವಕ್ಕೆ, ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕುಗಳ ಕಡೆ ನೋಡಬೇಕಾಗ್ತದ.

ಕೊರತೆ ಅಂದ ಕೂಡಲೇ ಸೋರುವ ಮಾಡು, ಮುರಿದ ಬೆಂಚು ನೆನಪಾಗ್ತಾವ. ಅದಕ್ಕೂ ಮೊದಲಿನ ಕೊರತೆ ಲೆಕ್ಕದಲ್ಲೇ ಅದ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ಇಯತ್ತೆವರೆಗಿನ ಶಾಲೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು. ಅಂದರೆ ಎಲ್ಲ ಹುದ್ದೆ ತುಂಬಿದರೂ ಒಬ್ಬ ಗುರುಜಿಗೆ ಎರಡು-ಮೂರು ಇಯತ್ತೆ. ಇನ್ನೊಬ್ಬರು ತರಬೇತಿಗೆ ಹೋದರೆ ಐದೂ ಒಬ್ಬರ ಕೊರಳಿಗೆ. ಮಹಾರಾಷ್ಟ್ರದಲ್ಲಿ 2000ದಿಂದ ಒಂದನೆಯ ಇಯತ್ತೆಗೇ ಇಂಗ್ಲಿಷ್ ಬಂತು. 2020ರ ಕಾನೂನು ಎಲ್ಲ ಮಾಧ್ಯಮಗಳಲ್ಲೂ ಮರಾಠಿಯನ್ನು ಕಡ್ಡಾಯ ಮಾಡಿತು. ಇಬ್ಬರು ಶಿಕ್ಷಕರ ಆ ಲೆಕ್ಕ ಮಾತ್ರ ಹಾಗೇ ಉಳೀತು.

ಹೆಂಗ ನಿಭಾಯಿಸ್ತಾರ? ಒಂದು ಇಯತ್ತೆಗೆ ಪಾಟಿ ಮ್ಯಾಲೆ ಬರೆಯೋ ಕೆಲಸ ಕೊಟ್ಟು ಇನ್ನೊಂದಕ್ಕೆ ಪಾಠ ಹೇಳೋದು, ದೊಡ್ಡ ಮಕ್ಕಳಿಂದ ಸಣ್ಣವರಿಗೆ ಅಕ್ಷರ ತಿದ್ದಿಸೋದು. ಇದು ಹೊಸದಲ್ಲ. 18ನೆಯ ಶತಮಾನದ ಕೊನೆಗೆ ಮದ್ರಾಸಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮಕ್ಕಳು ಮರಳಿನಲ್ಲಿ ಅಕ್ಷರ ತೀಡುವುದನ್ನು ಕಂಡು, ಅದನ್ನು ತನ್ನ ಅನಾಥಾಲಯದ ಶಾಲೆಗೆ ತಂದ. ದೊಡ್ಡ ಹುಡುಗರನ್ನೇ ಕಲಿಸಲು ಹಚ್ಚಿದ. 1797ರಲ್ಲಿ ಲಂಡನ್ನಿನಲ್ಲಿ ವರದಿ ಅಚ್ಚಾಗಿ, ಇಂಗ್ಲೆಂಡಿನ ಬಡವರ ಶಾಲೆಗಳಿಗೆ ಅದು 'ಮದ್ರಾಸ್ ಪದ್ಧತಿ' ಆಯಿತು. ಅಲ್ಲೂ ಖರ್ಚು ಕಡಿಮೆ ಅಂತ ಮೆಚ್ಚಿದರು ನೋಡ್ರಿ. ಇದನ್ನ ಜಾಣ್ಮೆ ಅಂತ ನಾವು ಹೊಗಳೋ ಮೊದಲು, ತಿದ್ದಿಸ್ತಾ ಕೂತ ಆ ಹುಡುಗಿ ತನ್ನ ಪಾಠ ಯಾವಾಗ ಓದಬೇಕು ಅಂತ ಕೇಳಬೇಕು.

ಪಠ್ಯಪುಸ್ತಕದ ಮಟ್ಟಿಗೆ ಅಷ್ಟು ತೊಂದರೆಯಿಲ್ಲ. 1967ರಲ್ಲಿ ಶುರುವಾದ ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ತರ್ತದ. ಆದರೆ ಸರಕಾರದ ಆದೇಶ ಬರೋದು ಮರಾಠಿಯಲ್ಲಿ. ಅದನ್ನು ಓದಿ ಕನ್ನಡ ಪಾಠಕ್ಕೆ ಒಗ್ಗಿಸೋದು ಗುರುಜಿಯದೇ ಕೆಲಸ. ಈ ಅನುವಾದಕ್ಕೆ ಯಾವ ವೇಳಾಪಟ್ಟಿಯಲ್ಲೂ ತಾಸಿಲ್ಲ.

2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಕೊಟ್ಟಾಗ ಕರ್ನಾಟಕ ಆಕ್ಷೇಪಿಸಿತು. ಕಾಗದದ ಮೇಲೆ ಹುದ್ದೆ ತುಂಬಿದ ಹಾಗೇ. 'ವಹಿ', 'ಪಾಟಿ', 'ಇಯತ್ತೆ' ಎರಡೂ ಭಾಷೆಯ ಶಬ್ದಗಳು, ಅಷ್ಟು ನಡೀತದ. ಭಾಗಾಕಾರ ಎಲ್ಲಿ ತಪ್ಪಿತು ಅಂತ ಮಗು ಕನ್ನಡದಲ್ಲಿ ಹೇಳಿದರೆ ಮಾತ್ರ ಪಕ್ಕದ ಕೋಣೆಯ ಕನ್ನಡ ಗುರುಜಿಯನ್ನೇ ಕರೀಬೇಕು. ಅಷ್ಟು ಹೊತ್ತು ಅವರ ಇಯತ್ತೆಗಳಿಗೆ ಯಾರೂ ಇಲ್ಲ.