ಪುಷ್ಪಾವತಿಯ ಕಣಿವೆ

ಗಢವಾಲದ ಚಮೋಲಿ ಜಿಲ್ಲೆಯಲ್ಲಿ, ಬದರೀನಾಥದ ಹೆದ್ದಾರಿಯನ್ನು ಗೋವಿಂದಘಾಟ್‌ನಲ್ಲಿ ಬಿಟ್ಟು, ಹೊಳೆಯ ಬದಿಯ ಏರುದಾರಿಯಲ್ಲಿ ನಡೆದು ಘಾಂಘರಿಯಾವನ್ನು ಸೇರಿದ ಯಾತ್ರಿಕರಲ್ಲಿ ಬಹುಮಂದಿ ಬಲಕ್ಕೆ ತಿರುಗಿ ಹೇಮಕುಂಡಕ್ಕೆ ತೆರಳುವರು. ಎಡದ ಹಾದಿ ಹಿಡಿದವರಿಗೆ ಪುಷ್ಪಾವತೀ ನದಿಯ ಕಣಿವೆ ತೆರೆದುಕೊಳ್ಳುವುದು. ಕುರಿಗಾಹಿಗಳಿಗೆ ಚಿರಪರಿಚಿತವಾಗಿದ್ದ ಈ ನೆಲವನ್ನು 1931ರಲ್ಲಿ ಕಾಮೆಟ್ ಶಿಖರವನ್ನೇರಿ ಮರಳುತ್ತಿದ್ದ ಫ್ರಾಂಕ್ ಸ್ಮೈತ್ ಕಂಡು, 1938ರ ತಮ್ಮ ಗ್ರಂಥದಿಂದ ಜಗತ್ತಿಗೆ ಪರಿಚಯಿಸಿದರು. ಮರುವರ್ಷವೇ ಸಸ್ಯಸಂಗ್ರಹಕ್ಕೆಂದು ಬಂದ ಜೋನ್ ಮಾರ್ಗರೆಟ್ ಲೆಗ್ ಇಲ್ಲಿನ ಬಂಡೆಗಳಿಂದ ಜಾರಿ ಮೃತರಾದರು; ಅವರ ಸಮಾಧಿ ಇಂದಿಗೂ ಹೂಗಳ ನಡುವೆಯೇ ಇದೆ.

ಇಲ್ಲಿನ ಬ್ರಹ್ಮಕಮಲದ ವಿಷಯವನ್ನು ಕನ್ನಡಿಗರಿಗೆ ಒಂದಿಷ್ಟು ಬಿಡಿಸಿ ಹೇಳಬೇಕು. ನಮ್ಮ ಅಂಗಳಗಳಲ್ಲಿ ನಡುರಾತ್ರಿ ಅರಳಿ, ನೆರೆಹೊರೆಯವರನ್ನೆಲ್ಲ ನಿದ್ದೆಯಿಂದೆಬ್ಬಿಸಿ ಕರೆತರುವ ಆ ಬಿಳಿಯ ಹೂವು ಅಮೆರಿಕಾ ಖಂಡದಿಂದ ಬಂದ ಕಳ್ಳಿಯ ಜಾತಿಯದು. ಹಿಮಾಲಯದ ಬ್ರಹ್ಮಕಮಲವಾದರೋ ಕಮಲವೂ ಅಲ್ಲ, ಕಳ್ಳಿಯೂ ಅಲ್ಲ. ಸೂರ್ಯಕಾಂತಿಯ ಕುಲಕ್ಕೆ ಸೇರಿದ ಗಿಡ. ನಾವು ಎಸಳೆಂದು ಭ್ರಮಿಸುವ, ಕಾಗದದಂತೆ ತೆಳುವಾದ, ಹಸುರು ಬೆರೆತ ಹಳದಿಯ ಹೊದಿಕೆಗಳು ವಾಸ್ತವವಾಗಿ ಎಲೆಯ ರೂಪಾಂತರಗಳೇ. ಅವು ಒಳಗಿನ ನೇರಳೆ ಬಣ್ಣದ ಕಿರುಹೂಗಳ ಗೊಂಚಲನ್ನು ಸುತ್ತುವರಿದು, ಬಿಸಿಲ ಕಾವನ್ನು ಹಿಡಿದಿಟ್ಟು, ಶೀತದಿಂದ ರಕ್ಷಿಸುವುವು. ತಾಯಿ ಮಗುವಿಗೆ ಕಂಬಳಿ ಹೊದಿಸುವ ಪರಿಯನ್ನು ಪ್ರಕೃತಿಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ನಾನೆಲ್ಲಿಯೂ ಕಾಣೆನು.

ನೀಲಿ ಗಸಗಸೆ, ನಮ್ಮ ಮಲೆನಾಡಿನ ಕರ್ಣಕುಂಡಲದ ಬಂಧುಗಳು, ಪ್ರಾಚೀನರು ತೊಗಟೆಯ ಮೇಲೆ ಗ್ರಂಥಗಳನ್ನು ಬರೆದ ಭೂರ್ಜವೃಕ್ಷ ಇವೆಲ್ಲವೂ ಇಲ್ಲುಂಟು. ಕಸ್ತೂರಿಮೃಗ, ಕರಡಿ, ಹಿಮಚಿರತೆಗಳಿಗೂ ಇದು ಆಶ್ರಯ. ಆದರೆ ನೋಟಕರಿಗೆ ಅವು ದೊರೆಯುವುದು ಅಪೂರ್ವ.

1982ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿ, 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಯ ವಿಸ್ತಾರ 87.5 ಚದರ ಕಿಲೋಮೀಟರ್. ಉದ್ಯಾನವಾದ ಬಳಿಕ ಕುರಿಮೇಪು ನಿಂತಿತು. ಆಳೆತ್ತರಕ್ಕೆ ಬೆಳೆಯುವ ಪಾಲಿಗೋನಮ್ ಎಂಬ ಗಿಡವು ಹಬ್ಬಿ ಚಿಕ್ಕ ಹೂಗಿಡಗಳನ್ನು ಮುಚ್ಚತೊಡಗಿತು. ಮೇಪು ನಿಂತದ್ದೇ ಇದಕ್ಕೆ ಕಾರಣವೆಂದು ಕೆಲವರು, ಅಲ್ಲವೆಂದು ಕೆಲವರು ವಾದಿಸಿದರು. ಅರಣ್ಯ ಇಲಾಖೆಯು ಅದನ್ನು ಕೀಳಿಸುತ್ತ ಬಂದಿದೆ. ಬೇಲಿ ಹಾಕಿದ ಮಾತ್ರಕ್ಕೆ ರಕ್ಷಣೆ ಮುಗಿಯದೆಂಬುದೇ ನನ್ನ ಅಭಿಪ್ರಾಯ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರವೇಶವುಂಟು; ಹೂವಿನ ಸಮೃದ್ಧಿಯನ್ನು ಬಯಸುವವರು ಜುಲೈ ನಡುವಿನಿಂದ ಆಗಸ್ಟ್‌ ಕೊನೆಯೊಳಗೆ ಹೋಗಬೇಕು. ಕಣಿವೆಯಲ್ಲಿ ತಂಗಲು ಅನುಮತಿಯಿಲ್ಲದ ಕಾರಣ, ಬೆಳಗ್ಗೆ ಘಾಂಘರಿಯಾದಿಂದ ಹೊರಟವರು ಸಂಜೆಯೊಳಗೆ ಅಲ್ಲಿಗೇ ಹಿಂದಿರುಗತಕ್ಕದ್ದು.